ಹೆಲಿಯೋಸ್ 44-2: ಹಳೇ ಸೋವಿಯತ್ ಲೆನ್ಸ್ ಜೊತೆ ಎರಡು ವರ್ಷ, ತೋಟದಿಂದ ಜಾತ್ರೆ ತನಕ

ಮೊದ್ಲೇ ಹೇಳ್ಬಿಡ್ತೀನಿ, ಇದು ಅಂಗಡೀಲಿ ಸೀಲ್ ಒಡೆದು ಕೊಡೋ ಹೊಸ ಲೆನ್ಸಿನ ರಿವ್ಯೂ ಅಲ್ಲ. ಹೆಲಿಯೋಸ್ 44-2, 58 ಎಂಎಂ, ಎಫ್/2 (ಈ ಎಫ್ ಸಂಖ್ಯೆ ಸಣ್ಣದಾದಷ್ಟೂ ಬೆಳಕು ಬಿಡೋ ಕಿಂಡಿ, ಅಂದ್ರೆ ಅಪರ್ಚರ್, ದೊಡ್ಡದು). ಪೂರ್ತಿ ಲೋಹ ಮತ್ತೆ ಗಾಜು, ಆಟೋಫೋಕಸ್ ಇಲ್ಲ, ಕೈ ನಡುಕ ತಡೆಯೋ ಸ್ಟೆಬಿಲೈಸೇಶನ್ ಇಲ್ಲ, ಒಳಗೆ ಒಂದು ವೈರ್ ಕೂಡ ಇಲ್ಲ. ವಾರಂಟಿ ಮಾತಂತೂ ಬಿಡಿ, ಇದನ್ನ ಮಾಡಿದ ದೇಶವೇ ಈಗ ಮ್ಯಾಪಲ್ಲಿಲ್ಲ. ಆದ್ರೂ ಎರಡು ವರ್ಷದಿಂದ ನನ್ನ ಕ್ಯಾಮೆರಾ ಮೇಲೆ ಜಾಸ್ತಿ ಹೊತ್ತು ಕೂತಿರೋದು ಇದೇ ಲೆನ್ಸು, ಇದ್ರಿಂದ ನಾನು ಕಲಿತಷ್ಟು ಬೇರೆ ಯಾವುದ್ರಿಂದಲೂ ಕಲಿತಿಲ್ಲ, ಅದಕ್ಕೇ ಕೂತು ಉದ್ದಕ್ಕೆ ಬರೀತಿದೀನಿ.

ನಾನು ಸಾಗರದ ಹತ್ರದ ಹಳ್ಳಿಯವನು, ಹೊಟ್ಟೆಪಾಡಿಗೆ ಲೆಕ್ಕ ಬರೆಯೋ ಕೆಲಸ, ಫೋಟೊ ಏನಿದ್ರೂ ಬೆಳಿಗ್ಗೆ ಆರರಿಂದ ಎಂಟು, ಆಮೇಲೆ ಭಾನುವಾರ. ಕ್ಯಾಮೆರಾ ಕ್ಯಾನನ್ 1300ಡಿ, ಅದ್ರ ಜೊತೆ ಬಂದ 18-55 ಕಿಟ್ ಲೆನ್ಸು. ನಾಲ್ಕೈದು ವರ್ಷ ಅದ್ರಲ್ಲೇ ತೆಗೆದೆ. ಕಿಟ್ ಲೆನ್ಸ್ ಕೆಟ್ಟದ್ದು ಅಂತ ಹೇಳೋನಲ್ಲ ನಾನು, ಆದ್ರೆ ಒಂದು ದಿನ ಹಳೇ ಫೋಲ್ಡರ್ ಎಲ್ಲಾ ತೆಗೆದು ನೋಡಿದ್ರೆ ದಾಸವಾಳ, ಮನೆ ಬೆಕ್ಕು, ಜೋಗ, ಇಕ್ಕೇರಿ ದೇವಸ್ಥಾನ, ಎಲ್ಲದೂ ಒಂದೇ ಥರ ಕಾಣ್ತು. ಹಿಂದೆ ಇರೋ ಬೇಲಿ, ತಂತಿ, ಬಕೆಟ್ಟು ಎಲ್ಲಾ ಮುಂದಿನ ಹೂವಷ್ಟೇ ಸ್ಪಷ್ಟ. ಏನಾದ್ರೂ ಬೇರೆ ಮಾಡ್ಬೇಕು ಅನ್ನಿಸ್ತು, ಸಣ್ಣ ಹುಳ ಹೂವು ತೀರಾ ಹತ್ರದಿಂದ ದೊಡ್ಡದಾಗಿ ತೆಗೆಯೋ ಮ್ಯಾಕ್ರೋ ಆಸೆ ಬೇರೆ ಇತ್ತು, ಒಳ್ಳೇ ಮ್ಯಾಕ್ರೋ ಲೆನ್ಸಿನ ರೇಟ್ ನೋಡಿದ್ರೆ ಆ ವರ್ಷದ ಅಡಿಕೆ ದುಡ್ಡಲ್ಲಿ ಮನೆ ಮಾಡು ರಿಪೇರಿ ಮಾಡ್ಸೋದೋ ಲೆನ್ಸ್ ತಗೊಳ್ಳೋದೋ ಅನ್ನೋ ಲೆಕ್ಕ. ಹಾಗೆ ಹುಡುಕ್ತಾ ಹುಡುಕ್ತಾ ಈ ಹಳೇ ಲೆನ್ಸಿನ ಹತ್ರ ಬಂದು ನಿಂತೆ.

ಇದ್ರ ಹಿನ್ನೆಲೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಫೋಟೊ ಯಾಕೆ ಹಾಗೆ ಬರತ್ತೆ ಅನ್ನೋದು ಅಲ್ಲೇ ಇದೆ. ಮೂಲ ವಿನ್ಯಾಸ ಜರ್ಮನಿಯದ್ದು, ಝೈಸ್ ಕಂಪನಿಯ ಬಯೋಟಾರ್ 58 ಎಂಎಂ ಎಫ್/2, 1930ರ ದಶಕದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ವಿನ್ಯಾಸ ಸೋವಿಯತ್ ಕಡೆ ಹೋಯ್ತು, ಮಾಸ್ಕೋ ಹತ್ರದ ಕ್ರಾಸ್ನೋಗೋರ್ಸ್ಕ್ ಫ್ಯಾಕ್ಟರೀಲಿ ಹೆಲಿಯೋಸ್ ಅನ್ನೋ ಹೆಸರಲ್ಲಿ ತಯಾರಾಯ್ತು. ಝೆನಿಟ್ ಕ್ಯಾಮೆರಾ ಜೊತೆಗೆ ಕಿಟ್ ಲೆನ್ಸ್ ಥರ ಕೊಡ್ತಿದ್ರು, ಅದಕ್ಕೇ ಲಕ್ಷಗಟ್ಟಲೆ ತಯಾರಾಗಿ ಇವತ್ತಿಗೂ ಕಡಿಮೆ ರೇಟಿಗೆ ಸಿಗತ್ತೆ. ನಮ್ಮೂರಲ್ಲಿ ಹಳೇ ಸ್ಟುಡಿಯೋ ನಡೆಸ್ತಿದ್ದ ಹಿರಿಯರೊಬ್ಬರಿಗೆ ತೋರಿಸ್ದಾಗ ಕೈಗೆ ತಗೊಂಡ ಕೂಡ್ಲೇ "ಇದು ಝೆನಿಟ್ಟಿಂದಲ್ವೇನೋ" ಅಂದ್ರು, ರಿಂಗ್ ತಿರುಗಿಸಿ ಕಿವಿ ಹತ್ರ ಹಿಡ್ಕೊಂಡು ಕ್ಲಿಕ್ ಶಬ್ದ ಕೇಳಿದ್ರು, ಐದು ನಿಮಿಷ ವಾಪಸ್ ಕೊಡ್ಲೇ ಇಲ್ಲ. ಒಳಗೆ ನಾಲ್ಕು ಗುಂಪಲ್ಲಿ ಜೋಡಿಸಿದ ಆರು ಗಾಜು, ಎಂಟು ಎಲೆಯ ಅಪರ್ಚರ್. ನನ್ನದ್ರ ನಂಬರ್ 79ರಿಂದ ಶುರುವಾಗತ್ತೆ, ಈ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಮೊದಲ ಎರಡು ಅಂಕಿ ತಯಾರಾದ ವರ್ಷ, ಅಂದ್ರೆ 1979. ನನಗಿಂತ ದೊಡ್ಡದು.

ಕೊಂಡ ಕಥೆ ಅಷ್ಟು ಸಲೀಸಾಗಿರ್ಲಿಲ್ಲ. ಮೊದಲ್ನೇದು ಆನ್‌ಲೈನಲ್ಲಿ ಒಬ್ರ ಹತ್ರ ತಗೊಂಡೆ, "ಮಿಂಟ್ ಕಂಡೀಶನ್" ಅಂತ ಬರೆದಿದ್ರು, ಫೋಟೊದಲ್ಲಿ ಎಲ್ಲಾ ಫಳಫಳ. ಬಂದ ಮೇಲೆ ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ನೋಡಿದ್ರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆ ಥರ ಫಂಗಸ್. ಕೇಳಿದ್ರೆ ಉತ್ತರ ಇಲ್ಲ, ದುಡ್ಡೂ ಬರ್ಲಿಲ್ಲ. ತುಂಬಾ ಬೇಜಾರಾಯ್ತು, 3,800 ರೂಪಾಯಿ ನನಗೆ ಸಣ್ಣ ಮೊತ್ತ ಅಲ್ಲ. ಎರಡನೇ ಸಲ ಬೆಂಗಳೂರಿಗೆ ಹೋದಾಗ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಅಂಗಡೀಲಿ ನಾನೇ ಕೂತು, ಟಾರ್ಚ್ ಬಿಟ್ಟು, ಎರಡೂ ಕಡೆಯಿಂದ ನೋಡಿ 4,500ಕ್ಕೆ ತಗೊಂಡೆ. ಅದ್ರ ಮೇಲೆ ಎಂ42 ಟು ಇಓಎಸ್ ಅಡಾಪ್ಟರ್ ರಿಂಗ್ 400, ಎಂ42 ಅಂದ್ರೆ ಈ ಲೆನ್ಸಿನ ತಿರುಪಿನ ಮೌಂಟು, ಇಓಎಸ್ ಅಂದ್ರೆ ನನ್ನ ಕ್ಯಾನನ್ ಕ್ಯಾಮೆರಾದ್ದು. ಫಂಗಸ್ ಬಂದಿದ್ದನ್ನ ಎಸೀಲಿಲ್ಲ, ಅದ್ರದ್ದು ಮುಂದೆ ಬರತ್ತೆ.

ಕೊಳ್ಳೋರು ಒಂದು ವಿಷಯ ಗಮನಿಸಿ. ಹೆಲಿಯೋಸ್ 44ರಲ್ಲಿ ಬೇಕಾದಷ್ಟು ಮರಿಗಳಿವೆ. 44-2 ಪ್ರೀಸೆಟ್ ಅಪರ್ಚರ್ ಲೆನ್ಸು, ಎರಡು ರಿಂಗ್ ಇರತ್ತೆ, ಒಂದ್ರಲ್ಲಿ ಎಷ್ಟು ಬೇಕು ಅಂತ ಕ್ಲಿಕ್ ಮಾಡಿ ಇಡೋದು, ಇನ್ನೊಂದು ಕ್ಲಿಕ್ ಇಲ್ಲದೆ ಪೂರ್ತಿ ತೆರೆದಿದ್ದರಿಂದ ಅಲ್ಲಿ ತನಕ ನುಣ್ಣಗೆ ತಿರುಗತ್ತೆ. ಫೋಕಸ್ ಮಾಡೋವಾಗ ತೆರೆದು ಇಟ್ಕೊಂಡು, ಕ್ಲಿಕ್ಕಿಸೋ ಮುಂಚೆ ಕಣ್ಣು ತೆಗೀದೇನೆ ತಿರುಗಿಸಿ ಮುಚ್ಚಬಹುದು. ಅಪರ್ಚರ್ ಎಲೆಗೆ ಸ್ವಲ್ಪ ಎಣ್ಣೆ ಅಂಟಿದ್ರೂ ಇದ್ರಲ್ಲಿ ತೊಂದ್ರೆ ಇಲ್ಲ, ಯಾಕಂದ್ರೆ ಕೈಯಲ್ಲೇ ತಿರುಗಿಸೋದು, ಸ್ಪ್ರಿಂಗ್ ಮೇಲೆ ಟಪ್ ಅಂತ ಮುಚ್ಕೊಳ್ಳೋ ಕೆಲಸ ಇಲ್ಲ. 44ಎಂ-4 ಅಂತ ಸಿಗತ್ತೆ, ಅದ್ರ ಹಿಂದೆ ಒಂದು ಪಿನ್ ಇರತ್ತೆ, ಆ ಪಿನ್ ಒತ್ತಿ ಹಿಡಿಯೋ ಅಡಾಪ್ಟರ್ ಇಲ್ದಿದ್ರೆ ಅಪರ್ಚರ್ ಯಾವಾಗ್ಲೂ ತೆರೆದೇ ಇರತ್ತೆ, ಎಲೆ ಕೂಡ ಆರೇ. ಗೊತ್ತಿಲ್ದೆ ತಗೊಂಡು ಆಮೇಲೆ ತಲೆ ಕೆಡಿಸ್ಕೊಂಡವ್ರನ್ನ ನೋಡಿದೀನಿ.

ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಇದು ಚೆನ್ನಾಗಿ ಹೊಂದ್ಕೊಳ್ಳತ್ತೆ, ಅದಕ್ಕೂ ಕಾರಣ ಇದೆ. ಎಂ42 ಲೆನ್ಸಿಗೆ ಸೆನ್ಸರ್ ತನಕ ಬೇಕಾದ ದೂರ 45.46 ಮಿ.ಮೀ., ಕ್ಯಾನನ್ ಡಿಎಸ್‌ಎಲ್‌ಆರಿನ ಇಎಫ್ ಮೌಂಟಲ್ಲಿ ಇರೋದು 44. ಉಳಿದ ಒಂದೂವರೆ ಮಿ.ಮೀ. ಜಾಗದಲ್ಲಿ ತೆಳು ಅಡಾಪ್ಟರ್ ಕೂತ್ಬಿಡತ್ತೆ, ಮಧ್ಯ ಇನ್ನೊಂದು ಗಾಜು ಬೇಕಾಗಲ್ಲ, ದೂರದ ಗುಡ್ಡಕ್ಕೂ ಫೋಕಸ್ ಸಿಗತ್ತೆ. ನಿಕಾನ್ ಡಿಎಸ್‌ಎಲ್‌ಆರ್ ಇರೋರಿಗೆ ಈ ಜಾಗ ಇಲ್ಲ, ಅಲ್ಲಿ ದೂರದ ಫೋಕಸ್ ಬೇಕು ಅಂದ್ರೆ ಗಾಜಿರೋ ಅಡಾಪ್ಟರ್ ಹಾಕ್ಬೇಕು, ಅದ್ರಿಂದ ಕ್ವಾಲಿಟಿ ಇಳಿಯತ್ತೆ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಇರೋರಿಗೆ ಯಾವ ಕಂಪನಿಯದಾದ್ರೂ ಪರವಾಗಿಲ್ಲ, ಅವ್ರೇ ಪುಣ್ಯವಂತರು, ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸೋ ಫೋಕಸ್ ಪೀಕಿಂಗ್ ಬೇರೆ ಸಿಗತ್ತೆ.

ನನ್ನ 1300ಡಿಯಲ್ಲಿ ಲೆನ್ಸ್ ಹಾಕಿದ ಕೂಡ್ಲೇ ಅಪರ್ಚರ್ ಜಾಗದಲ್ಲಿ 00 ಅಂತ ತೋರಿಸ್ತು, ಹೆದ್ರಬೇಡಿ, ಅದು ಹಾಗೇ. ಮ್ಯಾನುವಲ್ ಮೋಡಲ್ಲಿ ಶಟರ್ ನಾವೇ ಇಟ್ಕೊಳ್ಳೋದು. ಫೋಕಸ್ ಮಾಡೋದು ಮಾತ್ರ ಮೊದಲ ಎರಡು ತಿಂಗಳು ಅಳು ಬರೋ ಹಾಗಿತ್ತು. ಈಗಿನ ಕ್ಯಾಮೆರಾಗಳ ವ್ಯೂಫೈಂಡರ್ ಕೈಯಲ್ಲಿ ಫೋಕಸ್ ಮಾಡೋಕೆ ಅಂತ ಮಾಡಿದ್ದಲ್ಲ, ಸಣ್ಣದು, ಮಬ್ಬು. ಒಂದೂವರೆ ಮೀಟರ್ ದೂರದಲ್ಲಿ ಎಫ್/2ರಲ್ಲಿ ಸ್ಪಷ್ಟವಾಗಿ ಸಿಗೋ ಆಳ ಸುಮಾರು 5 ಸೆಂ.ಮೀ. ಅಷ್ಟೇ, ಅರ್ಧ ಮೀಟರಿಗೆ ಹೋದ್ರೆ ಅರ್ಧ ಸೆಂಟಿಮೀಟರ್, ಉಸಿರು ಬಿಟ್ರೆ ಫೋಕಸ್ ಹೋಯ್ತು. ಲೈವ್ ವ್ಯೂ ಹಾಕಿ, ಅಂದ್ರೆ ಹಿಂದಿನ ಸ್ಕ್ರೀನಲ್ಲೇ ನೋಡ್ತಾ, ಹತ್ತು ಪಟ್ಟು ಜೂಮ್ ಮಾಡಿ ಫೋಕಸ್ ಮಾಡೋದು ಕಲಿತ ಮೇಲೆ ಜೀವ ಬಂತು. ಬಿಸಿಲಲ್ಲಿ ಸ್ಕ್ರೀನ್ ಕಾಣಲ್ಲ, ಅದಕ್ಕೆ ಹೆಗಲ ಮೇಲೆ ಯಾವಾಗ್ಲೂ ಒಂದು ಟವೆಲ್, ತಲೆ ಮೇಲೆ ಹೊದ್ದುಕೊಂಡು ನೋಡೋದು. ಮೊದಲ ಸಲ ನೋಡಿದಾಗ ಆಯಿ "ಎಂತದೋ ಅದು, ಜ್ವರವಾ" ಅಂತ ಓಡಿ ಬಂದಿದ್ಲು.

ಈಗ ಎಲ್ರೂ ಕೇಳೋ ಸುಳಿ ವಿಷ್ಯ. ಈ ಲೆನ್ಸಿನಲ್ಲಿ ಹಿನ್ನೆಲೆ ಮಬ್ಬಾಗೋದಷ್ಟೇ ಅಲ್ಲ, ನಡುವಿನ ಸುತ್ತ ತಿರುಗಿದ ಹಾಗೆ ಕಾಣತ್ತೆ, ಹೊಳೆಯಲ್ಲಿ ಸುಳಿ ಎದ್ದಾಗ ಎಲೆ ಎಲ್ಲಾ ಸುತ್ತು ಹಾಕ್ತಾವಲ್ಲ ಹಾಗೆ. ಇದು ಲೆನ್ಸಿನ ದೋಷವೇ ನಿಜವಾಗಿ ಹೇಳ್ಬೇಕಂದ್ರೆ. ಓರೆಯಾಗಿ ಬರೋ ಬೆಳಕು ಲೆನ್ಸಿನ ಅಂಚಿಗೆ ತಾಗಿ ಅರ್ಧ ಕತ್ತರಿಸಿ ಹೋಗತ್ತೆ, ಹಾಗಾಗಿ ಮಧ್ಯದಲ್ಲಿ ದುಂಡಗಿರೋ ಬೆಳಕಿನ ಚುಕ್ಕಿ ಅಂಚಿಗೆ ಹೋದ ಹಾಗೆ ಬೆಕ್ಕಿನ ಕಣ್ಣಿನ ಥರ ಉದ್ದ ಆಗತ್ತೆ, ಆ ಉದ್ದ ಚುಕ್ಕಿಗಳೆಲ್ಲಾ ಸುತ್ತ ಸಾಲಾಗಿ ನಿಂತ್ರೆ ಸುಳಿ. ಆದ್ರೆ ಗೋಡೆ ಮುಂದೆ ನಿಲ್ಲಿಸಿ ತೆಗೆದ್ರೆ ಏನೂ ಬರಲ್ಲ. ನನಗೂ ಮೊದಲ ವಾರ ಬರ್ಲಿಲ್ಲ, ಮೋಸ ಹೋದ್ನಾ ಅಂದ್ಕೊಂಡೆ.

ಆಮೇಲೆ ಒಂದಿನ ಬೆಳಿಗ್ಗೆ ಎಂಟು ಗಂಟೆಗೆ ತೋಟಕ್ಕೆ ನೀರು ಬಿಡೋಕೆ ಹೋದೋನು ಕ್ಯಾಮೆರಾನೂ ತಗೊಂಡು ಹೋಗಿದ್ದೆ. ಅಡಿಕೆ ತೋಟದೊಳಗೆ ಆ ಹೊತ್ತಿನ ಬಿಸಿಲು ಹೇಗೆ ಬೀಳತ್ತೆ ಅಂತ ತೋಟ ಇರೋರಿಗೆ ಗೊತ್ತು, ಸೋಗೆ ಸಂದಿಯಿಂದ ಸಾವಿರ ಚೂರು ಬೆಳಕು, ಅದ್ರ ಹಿಂದೆ ಕಪ್ಪು ಹಸಿರು. ಅಣ್ಣನ ಮಗಳು ಜೊತೆಗೆ ಬಂದಿದ್ಲು, ಕಾಳುಮೆಣಸಿನ ಬಳ್ಳಿ ಹತ್ರ ನಿಂತ್ಕೋ ಅಂದೆ, ಒಂದೂವರೆ ಎರಡು ಮೀಟರ್ ದೂರದಲ್ಲಿ ನಾನು, ಅವಳ ಹಿಂದೆ ಹತ್ತು ಹದಿನೈದು ಮೀಟರ್ ಖಾಲಿ, ಅದ್ರಾಚೆ ಮರದ ಸಾಲು. ಎಫ್/2. ಸ್ಕ್ರೀನಲ್ಲಿ ನೋಡಿದ್ರೆ ಅವಳ ಮುಖ ನಿಂತಿದೆ, ಸುತ್ತ ಇಡೀ ತೋಟ ತಿರುಗ್ತಿದೆ. ಅವಳೂ ನೋಡಿ "ಚಿಕ್ಕಪ್ಪಾ, ಗಾಳಿ ಬಂದಂಗಿದೆ" ಅಂದ್ಲು. ಆ ಫೋಟೊ ಪ್ರಿಂಟ್ ಹಾಕ್ಸಿ ಜಗಲಿ ಗೋಡೆಗೆ ತೂಗು ಹಾಕಿದೀವಿ. ನನ್ನ ಇಷ್ಟು ವರ್ಷದ ಫೋಟೊದಲ್ಲಿ ಗೋಡೆ ಹತ್ತಿದ್ದು ಅದೊಂದೇ.

ಹಾಗಾಗಿ ಸುಳಿ ಬೇಕು ಅನ್ನೋರು ಹಿಂದೆ ಎಲೆ ಸಂದಿಯ ಬೆಳಕು ಹುಡ್ಕಿ, ಹೊಂಗೆ ಮರ ಆಗತ್ತೆ, ಹುಣಸೆ ಆಗತ್ತೆ, ಬಿದಿರು ಮೆಳೆ ಆಗತ್ತೆ. ಇನ್ನೊಂದು ವಿಷಯ, ನನ್ನ ಥರ ಸಣ್ಣ ಸೆನ್ಸರ್ ಇರೋ ಕ್ಯಾಮೆರಾದಲ್ಲಿ ಚಿತ್ರದ ಅಂಚು ಕತ್ತರಿಸಿ ಹೋಗೋದ್ರಿಂದ ಸುಳಿ ಕಡಿಮೆ ಕಾಣತ್ತೆ, 58 ಎಂಎಂ ಇದ್ದಿದ್ದು ಸುಮಾರು 93 ಎಂಎಂ ನೋಟ ಕೊಡತ್ತೆ. ಫುಲ್ ಫ್ರೇಮಲ್ಲಿ, ಅಂದ್ರೆ ದೊಡ್ಡ ಸೆನ್ಸರ್ ಇರೋ ಕ್ಯಾಮೆರಾದಲ್ಲಿ, ಜೋರಾಗಿ ಬರತ್ತೆ. ಫ್ರೆಂಡ್ ಒಬ್ಬನ ಫುಲ್ ಫ್ರೇಮ್ ಮಿರರ್‌ಲೆಸ್ಸಿಗೆ ಹಾಕಿ ನೋಡಿದೆ, ಚೆನ್ನಾಗಿತ್ತು, ಆದ್ರೆ ಸತ್ಯ ಹೇಳ್ತೀನಿ ಎಲ್ಲಾ ಫೋಟೊದಲ್ಲೂ ಅಷ್ಟು ಜೋರು ಸುಳಿ ಇದ್ರೆ ನನಗೆ ತಲೆ ತಿರುಗತ್ತೆ, ನನ್ನ ಕ್ಯಾಮೆರಾದಲ್ಲಿ ಬರೋ ಹದವೇ ನನಗಿಷ್ಟ.

ಸುಳಿ ಬಿಟ್ಟು ದಿನನಿತ್ಯದ ಫೋಟೊಗೆ ಹೇಗೆ ಅಂದ್ರೆ, ಮನುಷ್ಯರ ಮುಖಕ್ಕೆ ಬಹಳ ಒಳ್ಳೇದು. ಎಫ್/2ರಲ್ಲಿ ಮೇಲೊಂದು ತೆಳು ಹೊಳಪು ಇರತ್ತೆ, ಮುಖದ ಸುಕ್ಕು ಕಲೆ ಅಳಿಸಲ್ಲ, ಆದ್ರೆ ಚುಚ್ಚೋ ಹಾಗೂ ತೋರಿಸಲ್ಲ. ಅಡಿಕೆ ಸುಲಿಯೋ ಟೈಮಲ್ಲಿ ರಾತ್ರಿ ಹತ್ತರ ತನಕ ಅಂಗಳದಲ್ಲಿ ಎಲ್ರೂ ಸಾಲಾಗಿ ಮೆಟ್ಟುಗತ್ತಿ ಹಾಕ್ಕೊಂಡು ಕೂತಿರ್ತಾರೆ, ಮೇಲೊಂದು ಬಲ್ಬು, ಕೈ ಆಡ್ತಾ ಇರತ್ತೆ, ಮಾತು ನಡೀತಾ ಇರತ್ತೆ. ಕಿಟ್ ಲೆನ್ಸಲ್ಲಿ ಆ ಬೆಳಕಿಗೆ ಫೋಟೊನೇ ಬರ್ತಿರ್ಲಿಲ್ಲ, ಐಎಸ್‌ಒ, ಅಂದ್ರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 6400ಕ್ಕೆ ಏರಿಸಿ ಮರಳು ಮರಳು. ಇದ್ರಲ್ಲಿ ಐಎಸ್‌ಒ 1600ಕ್ಕೇ ಆಗತ್ತೆ. ಒಂದು ಕಿವಿಮಾತು, ಎಲ್ಇಡಿ ಬಲ್ಬಿನ ಕೆಳಗೆ ಶಟರ್ ಸ್ಪೀಡ್ ಜಾಸ್ತಿ ಇಟ್ರೆ ಫೋಟೊದಲ್ಲಿ ಪಟ್ಟೆ ಪಟ್ಟೆ ಬರ್ತಿತ್ತು, ಲೆನ್ಸ್ ಹಾಳಾಗಿದೆ ಅಂತ ಒಂದು ವಾರ ಕೊರಗಿದೆ. ಲೆನ್ಸ್ ಅಲ್ಲ, ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ ನೂರು ಸಲ ಮಿಣುಕತ್ತೆ, ಶಟರ್ 1/50 ಅಥವಾ 1/100ಕ್ಕೆ ಇಟ್ರೆ ಪಟ್ಟೆ ಮಾಯ. 1/100ರಲ್ಲಿ ಅಪ್ಪಯ್ಯನ ಕೈ ಸ್ವಲ್ಪ ಅಲ್ಲಾಡಿ ಮುಖ ಗಟ್ಟಿ ನಿಂತ ಫೋಟೊ ಒಂದಿದೆ, ಅವನು ಕೆಲಸ ಮಾಡೋ ವೇಗ ಅದ್ರಲ್ಲಿ ಇದೆ.

ಕೊರತೆನೂ ಹೇಳ್ಬೇಕು, ಮುಚ್ಚಿಡಲ್ಲ. ಎದುರು ಬಿಸಿಲಿಗೆ ಇದು ತೀರಾ ಸೂಕ್ಷ್ಮ, ಸೂರ್ಯ ಫ್ರೇಮಿನ ಮೂಲೆಗೆ ಬಂದ್ರೆ ಇಡೀ ಫೋಟೊ ಹಾಲು ಚೆಲ್ಲಿದ ಹಾಗೆ ಬಿಳುಚತ್ತೆ. ಕೆಲವೊಮ್ಮೆ ಅದು ಚಂದ, ಸಂಜೆ ಗದ್ದೆ ಬದುವಲ್ಲಿ ಒಂದು ಕಾಮನಬಿಲ್ಲಿನ ತುಂಡು ಬಂದು ಕೂರತ್ತೆ, ಆದ್ರೆ ಬೇಡ ಅಂದಾಗಲೂ ಬರತ್ತೆ. ಮೂತಿಗೆ ಬಿಸಿಲು ತಡೆಯೋ 49 ಎಂಎಂ ರಬ್ಬರ್ ಹುಡ್ ಒಂದು ಹಾಕ್ಲೇಬೇಕು, ನೂರು ರೂಪಾಯಿ ಚಿಲ್ಲರೆ. ಕಲರ್ ಕಾಂಟ್ರಾಸ್ಟ್ ಕಡಿಮೆ, ಎಡಿಟಿಂಗಲ್ಲಿ ಸರಿ ಮಾಡ್ಕೋಬೇಕು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲಿನ ಕೆತ್ತನೆ ತೆಗೆಯೋಕೆ ಹೋದಾಗ ಎಫ್/2ರಲ್ಲಿ ಮೂಲೆ ಎಲ್ಲಾ ಕರಗಿ ಹೋಯ್ತು, ಎಫ್/5.6ಕ್ಕೆ ಇಳಿಸಿದ್ಮೇಲೆ ಕಲ್ಲಿನ ಉಳಿ ಗುರುತು ತನಕ ಬಂತು. ಓಡೋ ಮಕ್ಕಳು, ಹಾರೋ ಹಕ್ಕಿ, ಮದುವೆ ಮನೆ, ಇದಕ್ಕೆಲ್ಲಾ ಈ ಲೆನ್ಸ್ ನಂಬ್ಕೊಂಡು ಹೋಗ್ಬೇಡಿ. ತಂಗಿ ಮದುವೆ ಧಾರೆ ಹೊತ್ತಲ್ಲಿ ಇದನ್ನೇ ಹಾಕ್ಕೊಂಡು ನಿಂತಿದ್ದೆ, ಬಹುತೇಕ ಫೋಕಸ್ ತಪ್ಪಿ ಹೋಯ್ತು, ಆ ಬೇಜಾರು ಇನ್ನೂ ಇದೆ.

ಈಗ ನನ್ನ ನಿಜವಾದ ಖುಷಿ, ಪ್ರಯೋಗ. ಈ ಲೆನ್ಸನ್ನ ತಿರುವಿ ಹಾಕ್ಬಹುದು! ರಿವರ್ಸ್ ರಿಂಗ್ ಅಂತ 300 ರೂಪಾಯಿಗೆ ಸಿಗತ್ತೆ, ಒಂದು ಕಡೆ ಕ್ಯಾನನ್ ಮೌಂಟು, ಇನ್ನೊಂದು ಕಡೆ 49 ಎಂಎಂ ತಿರುಪು. ಲೆನ್ಸಿನ ಮೂತಿಯನ್ನ ಕ್ಯಾಮೆರಾಗೆ ಹಾಕಿ, ಬೆನ್ನು ಹೊರಗೆ. ಹೀಗೆ ಹಾಕಿದ್ರೆ ಅದು ಮ್ಯಾಕ್ರೋ ಲೆನ್ಸ್ ಆಗತ್ತೆ, ಸುಮಾರು ಎರಡೂವರೆ ಸೆಂ.ಮೀ. ಅಗಲದ ಜಾಗ ಇಡೀ ಫ್ರೇಮ್ ತುಂಬತ್ತೆ. ಈಗಿನ ಲೆನ್ಸನ್ನ ತಿರುವಿದ್ರೆ ಅಪರ್ಚರ್ ಕಂಟ್ರೋಲ್ ಹೋಗ್ಬಿಡತ್ತೆ, ಕ್ಯಾಮೆರಾ ಜೊತೆ ಮಾತು ಕಡಿದ ಮೇಲೆ ಅದಕ್ಕೇನೂ ಮಾಡೋಕೆ ಬರಲ್ಲ. ಹೆಲಿಯೋಸಲ್ಲಿ ರಿಂಗ್ ಕೈಗೇ ಸಿಗೋದ್ರಿಂದ ಎಫ್/8, ಎಫ್/11 ಏನು ಬೇಕೋ ಇಟ್ಕೋಬಹುದು, ಇದೊಂದು ಕಾರಣಕ್ಕೇ ಈ ಲೆನ್ಸ್ ತಗೊಂಡ್ರೂ ದುಡ್ಡು ವಸೂಲ್ ಅಂತೀನಿ. ಎಫ್/8ರಲ್ಲೂ ಸ್ಪಷ್ಟ ಸಿಗೋ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ಫೋಕಸ್ ರಿಂಗ್ ತಿರುಗಿಸಿ ಉಪಯೋಗ ಇಲ್ಲ, ಕ್ಯಾಮೆರಾ ಸಮೇತ ನಾವೇ ಕೂದಲೆಳೆಯಷ್ಟು ಮುಂದೆ ಹಿಂದೆ ಆಗ್ತಾ, ಕಣ್ಣಿಗೆ ಬಂದ ಕ್ಷಣ ಒತ್ತೋದು. ವಸ್ತುವಿಗೂ ಲೆನ್ಸಿಗೂ ನಡುವೆ ನಾಲ್ಕೇ ಬೆರಳು ಜಾಗ, ನೆರಳು ನಮ್ಮದೇ ಬೀಳತ್ತೆ, ಬೆಳಕಿಗೆ ಎಲ್ಇಡಿ ಟಾರ್ಚಿನ ಮುಂದೆ ಬಟರ್ ಪೇಪರ್ ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕ್ಕೊಂಡಿದೀನಿ.

ಮೊದಲು ತೆಗೆದಿದ್ದು ಚಗಳಿ ಇರುವೆ. ಮಾವಿನ ಎಲೆ ಹೆಣೆದು ಗೂಡು ಕಟ್ಟೋದನ್ನ ಚಿಕ್ಕಂದಿನಿಂದ ನೋಡಿದೀನಿ, ಕಚ್ಚಿಸ್ಕೊಂಡೂ ಇದೀನಿ, ಆದ್ರೆ ಎರಡು ಎಲೆ ನಡುವೆ ಅವು ಮರಿಹುಳನ್ನ ಬಾಯಲ್ಲಿ ಹಿಡ್ಕೊಂಡು ಅದ್ರ ರೇಷ್ಮೆಯಿಂದ ಹೊಲಿಗೆ ಹಾಕ್ತಾವೆ ಅನ್ನೋದು ಕಣ್ಣಾರೆ ಕಂಡಿದ್ದು ಈ ಲೆನ್ಸ್ ಹಿಂದೆ ಕೂತ ಮೇಲೇ. ಫೋಟೊ ಸರಿಯಾಗಿ ಬರ್ಲಿಲ್ಲ, ಒಂದೇ ಒಂದು ಅರ್ಧಂಬರ್ಧ ಸಿಕ್ತು, ಹುಳದ ತಲೆ ಇದೆ, ಇರುವೆ ಕಾಲು ಮಬ್ಬು. ಅದನ್ನ ಅಳಿಸಿಲ್ಲ. ಬಾಗಿಲ ಚೌಕಟ್ಟಿನ ಮೇಲಿನ ಜಿಗಿಯೋ ಜೇಡ ಮಾತ್ರ ನಿಂತು ಫೋಟೊ ತೆಗೆಸ್ಕೊಳ್ಳತ್ತೆ, ತಿರುಗಿ ನಮ್ಮನ್ನೇ ನೋಡತ್ತೆ, ಮುಂದಿನ ಎರಡು ದೊಡ್ಡ ಕಣ್ಣಲ್ಲಿ ನನ್ನ ಟಾರ್ಚಿನ ಬೆಳಕು ಬಿಳಿ ಚುಕ್ಕಿ ಆಗಿ ಕೂತಿರತ್ತೆ. ಮಾರ್ಗಶಿರದ ಚಳೀಲಿ ಹುಲ್ಲಿನ ತುದಿ ಇಬ್ಬನಿ ತೆಗೀರಿ, ಹಿಂದೆ ಒಂದು ಅಡಿ ದೂರದಲ್ಲಿ ದಾಸವಾಳ ಹೂವು ಹಿಡಿಯೋಕೆ ಯಾರಿಗಾದ್ರೂ ಹೇಳಿ, ಪ್ರತಿ ಹನಿಯೊಳಗೂ ಒಂದೊಂದು ಪುಟ್ಟ ದಾಸವಾಳ ತಲೆಕೆಳಗಾಗಿ ಕಾಣತ್ತೆ. ನಮ್ಮನೇಲಿ ಹೂವು ಹಿಡಿಯೋ ಕೆಲಸ ಅಣ್ಣನ ಮಗಳದ್ದು. ಒಂದು ಎಚ್ಚರ, ತಿರುವಿ ಹಾಕಿದಾಗ ಲೆನ್ಸಿನ ಬೆನ್ನಿನ ಗಾಜು ಬತ್ತಲೆ ಇರತ್ತೆ, ನಾನೊಂದ್ಸಲ ಕಲ್ಲಿಗೆ ಒರೆಸಿ ಅಂಚಿಗೆ ಸಣ್ಣ ಗೀರು ಮಾಡ್ಕೊಂಡೆ.

ಆ ಫಂಗಸ್ ಹತ್ತಿದ ಮೊದಲ ಲೆನ್ಸ್ ಇತ್ತಲ್ಲ, ಅದನ್ನ ಒಂದು ಭಾನುವಾರ ಊಟದ ಟೇಬಲ್ ಮೇಲೆ ಬಿಳಿ ಪಂಚೆ ಹಾಸಿ ಬಿಚ್ಚಿದೆ. ಎದುರಿನ ಹೆಸರಿನ ರಿಂಗನ್ನ ರಬ್ಬರ್ ಬಿರಡೆ ಒತ್ತಿ ತಿರುಗಿಸಿದ್ರೆ ಬರತ್ತೆ, ಅದ್ರ ಹಿಂದಿನ ರಿಂಗ್ ತೆಗೆದ್ರೆ ಮುಂದಿನ ಗಾಜು ಕೈಗೇ ಬೀಳತ್ತೆ. ಅದನ್ನ ಮಗುಚಿ ಹಾಕಿ ವಾಪಸ್ ಮುಚ್ಚಿದೆ. ಈ ಪ್ರಯೋಗ ಎಷ್ಟೋ ಜನ ಮಾಡಿದ್ದೇ, ಆದ್ರೆ ಸ್ವಂತ ಕೈಯಲ್ಲಿ ಮಾಡಿ ನೋಡೋದೇ ಬೇರೆ. ನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಸ್ಪಷ್ಟ, ಉಳಿದಿದ್ದೆಲ್ಲಾ ಕರಗಿ ಹರಿದು ಹೋಗತ್ತೆ, ಸಣ್ಣ ಮಗು ಜ್ವರದಲ್ಲಿ ಕಂಡ ಹಾಗೆ. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕ್ಕೊಂಡು ಗದ್ದೇಲಿ ನೆಟ್ಟಿ ಮಾಡೋರನ್ನ ಇದ್ರಲ್ಲಿ ತೆಗೆದೆ, ಕಪ್ಪು ಬಿಳುಪು ಮಾಡಿದೆ. ಕೆಲವ್ರಿಗೆ ಅದು ಕೆಟ್ಟು ಹೋದ ಫೋಟೊ ಅನ್ನಿಸ್ತು, ನನಗೆ ಅಜ್ಜಿ ಹೇಳ್ತಿದ್ದ ಹಳೇ ಮಳೆಗಾಲ ಹಾಗೇ ಇತ್ತೇನೋ ಅನ್ನಿಸತ್ತೆ. ಒಳ್ಳೇ ಕಂಡೀಶನ್ ಲೆನ್ಸನ್ನ ಮಾತ್ರ ಹೀಗೆ ಬಿಚ್ಚೋಕೆ ಹೋಗ್ಬೇಡಿ.

ಇನ್ನೊಂದು ಆಟ ಮಾರಿಕಾಂಬಾ ಜಾತ್ರೇಲಿ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಜಾತ್ರೆ, ರಾತ್ರಿ ಊರಿಗೆ ಊರೇ ಲೈಟು. ಕಪ್ಪು ಡ್ರಾಯಿಂಗ್ ಶೀಟನ್ನ ಲೆನ್ಸ್ ಮೂತಿಯಷ್ಟು ದುಂಡಗೆ ಕತ್ತರಿಸಿ, ಮಧ್ಯ ಒಂದು ಆಕಾರ ಕೊರೆದು ಹುಡ್ಡಿನೊಳಗೆ ಕೂರಿಸೋದು, ದೂರದ ಮಬ್ಬು ಲೈಟೆಲ್ಲಾ ಅದೇ ಆಕಾರ ಆಗ್ತವೆ. ಲೆಕ್ಕ ಸುಲಭ, 58ನ್ನ 2ರಿಂದ ಭಾಗಿಸಿ, 29 ಮಿ.ಮೀ., ಆಕಾರ ಅದಕ್ಕಿಂತ ಚೆನ್ನಾಗೇ ಸಣ್ಣ ಇರ್ಬೇಕು, ಇಲ್ದಿದ್ರೆ ಕಾಣಲ್ಲ. 12 ಮಿ.ಮೀ. ನನಗೆ ಸರಿ ಬಂತು, ಬೆಳಕು ಸುಮಾರು ಎಫ್/5ರಷ್ಟು ಕಡಿಮೆ ಆಗತ್ತೆ. ಹೃದಯ, ನಕ್ಷತ್ರ ಎಲ್ರೂ ಮಾಡ್ತಾರೆ ಅಂತ ನಾನು ಮೀನು ಕೊರೆದೆ. ಜಾಯಿಂಟ್ ವೀಲ್ ಲೈಟೆಲ್ಲಾ ಮೀನಾಗಿ ಸುತ್ತು ಹೊಡೀತಿದೆ, ಎದುರಿಗೆ ಬಳೆ ಅಂಗಡಿ ಅಕ್ಕ ಗಿರಾಕಿ ಕೈಗೆ ಹಸಿರು ಬಳೆ ಏರಿಸ್ತಿದಾಳೆ. ಅವಳಿಗೆ ತೋರಿಸ್ದೆ, "ಅಯ್ಯೋ ತಮಾ, ನನ್ ಅಂಗ್ಡೀಲಿ ಎಲ್ಲಿ ಮೀನು" ಅಂತ ಹಿಂದೆ ತಿರುಗಿ ನೋಡಿದ್ಲು. ಅವಳಿಗೊಂದು ಪ್ರಿಂಟ್ ಕೊಟ್ಟೆ.

ಹೊಸ ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ ತಗೊಳ್ಳೋದಾ ಇದನ್ನ ತಗೊಳ್ಳೋದಾ ಅಂತ ಇಬ್ಬರು ಮೂವರು ಕೇಳಿದಾರೆ. ಒಂದೇ ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ತಗೊಳ್ಳೋ ದುಡ್ಡಿದ್ರೆ, ಮನೇಲಿ ಸಣ್ಣ ಮಕ್ಕಳಿದ್ರೆ, ಕಾರ್ಯಕ್ರಮ ತೆಗೀಬೇಕಿದ್ರೆ ಕಣ್ಣು ಮುಚ್ಚಿ ಎಸ್‌ಟಿಎಂ ತಗೊಳ್ಳಿ. ಆಟೋಫೋಕಸ್ ಇದೆ, 160 ಗ್ರಾಂ ತೂಕ, ತೆರೆದ ಅಪರ್ಚರಲ್ಲೇ ಇದಕ್ಕಿಂತ ಚೂಪು, 35 ಸೆಂ.ಮೀ. ಹತ್ರ ಹೋಗ್ಬಹುದು, ಹೆಲಿಯೋಸ್ ಅರ್ಧ ಮೀಟರಿಗೇ ನಿಂತ್ಬಿಡತ್ತೆ. ಫ್ರೆಂಡಿನದ್ದು ತಂದು ಒಂದು ವಾರ ಉಪಯೋಗಿಸಿ ನೋಡೇ ಹೇಳ್ತಿರೋದು. ಹೆಲಿಯೋಸ್ ಯಾರಿಗೆ ಅಂದ್ರೆ, ಒಂದು ಹೂವಿನ ಮುಂದೆ ಅರ್ಧ ಗಂಟೆ ಕೂರೋಕೆ ಬೇಜಾರಿಲ್ಲದೋರಿಗೆ, ಬಿಚ್ಚಿ ಜೋಡಿಸೋ ಆಸೆ ಇರೋರಿಗೆ. ನಾನು ಮೊದಲು ತೋಟಕ್ಕೆ ಹೋದ್ರೆ ನೂರೈವತ್ತು ಫೋಟೊ ತೆಗೆದು ಬರ್ತಿದ್ದೆ, ಈಗ ಹನ್ನೆರಡು ಹದಿನೈದು. ಎಲ್ಲಿಂದ ಬೆಳಕು ಬರ್ತಿದೆ, ಹಿಂದೆ ಏನಿದೆ ಅಂತ ನೋಡ್ದೇ ಬಟನ್ ಒತ್ತೋ ಅಭ್ಯಾಸ ಬಿಟ್ಟು ಹೋಗಿದೆ. 5ಕ್ಕೆ 4 ಸ್ಟಾರ್ ಕೊಡ್ತೀನಿ, ಒಂದು ಕಡಿಮೆ ಮಾಡಿದ್ದು ಎದುರು ಬಿಸಿಲಿಗೆ.

ಕೊನೇದಾಗಿ ಮಲೆನಾಡು, ಕರಾವಳಿ ಕಡೆಯೋರಿಗೆ ಮಾತ್ರ. ಈ ಹಳೇ ಲೆನ್ಸುಗಳನ್ನ ಬ್ಯಾಗಲ್ಲಿ ಹಾಗೇ ಇಟ್ಟು ಆಷಾಢ ಶ್ರಾವಣ ಕಳೀಬೇಡಿ, ಕಪಾಟಲ್ಲಿಟ್ಟ ಚಪ್ಪಲಿಗೇ ಬೂಸ್ಟು ಹಿಡಿಯೋ ಊರು ನಮ್ಮದು, ಗಾಜನ್ನ ಬಿಡತ್ತಾ. ಡ್ರೈ ಕ್ಯಾಬಿನೆಟ್ ತಗೊಳ್ಳೋ ಶಕ್ತಿ ಇಲ್ದಿದ್ರೆ ಅಡುಗೆ ಮನೆಯ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಾಗೋ ಸಿಲಿಕಾ ಜೆಲ್ ಅರ್ಧ ಕೆಜಿ, ತೇವ ಅಳೆಯೋ 250 ರೂಪಾಯಿಯ ಸಣ್ಣ ಹೈಗ್ರೋಮೀಟರ್, ಇಷ್ಟು ಸಾಕು. ತೇವ 40ರಿಂದ 50 ಪರ್ಸೆಂಟ್ ಒಳಗೆ ಇರ್ಲಿ. ಸಿಲಿಕಾ ಜೆಲ್ ಬಣ್ಣ ತಿರುಗಿದ ಕೂಡ್ಲೇ ಹಳೇ ಬಾಣಲೆಯಲ್ಲಿ ಸಣ್ಣ ಉರಿ ಮೇಲೆ ಹುರಿದು, ಆರಿದ ಮೇಲೆ ವಾಪಸ್ ಹಾಕಿ. ಆ ಬಾಣಲೆ ಅಡುಗೆಗೆ ಮತ್ತೆ ಬೇಡ. ಫಂಗಸ್ ಲೆನ್ಸನ್ನ ಬೇರೆ ಡಬ್ಬೀಲಿ ಇಡಿ, ಒಳ್ಳೇದ್ರ ಜೊತೆ ಸೇರಿಸ್ಬೇಡಿ. ಹೊರಗೆ ಇವತ್ತು ಬೆಳಿಗ್ಗೆಯಿಂದ ಒಂದೇ ಸಮ ಹೊಡೀತಿದೆ, ಡಬ್ಬಿಯೊಳಗಿನ ಮುಳ್ಳು 46ರಲ್ಲಿ ನಿಂತಿದೆ, ಅಂಗಳದ ಪಾಚಿ ಮೇಲೆ ಕೆಂಪು ವೆಲ್ವೆಟ್ ಹುಳ ಬಂದಿದಾವಂತೆ, ಅಣ್ಣನ ಮಗಳು ಟಾರ್ಚ್ ಹಿಡ್ಕೊಂಡು ಬಾಗಿಲಲ್ಲಿ ಕಾಯ್ತಿದಾಳೆ.